ಸೋಬಾನೆಗೆ ಎಷ್ಟು ನಿಮಿಷದ ಪ್ಯಾಕು?

ಟೈಲರ್ ಅಂಗಡಿಯಲ್ಲಿ ಮೊಬೈಲ್ ರೀಚಾರ್ಜನ್ನೂ ಇಟ್ಟುಕೊಂಡರೆ ಇಂಥವು ಆಗದೆ ಇರೋದಿಲ್ಲ. ನನಗಂತೂ ವಾರಕ್ಕೊಂದು ಗ್ಯಾರಂಟಿ. ರಾವಂದೂರಿನಲ್ಲಿ ಬಸ್ಸು ನಿಲ್ಲುವ ಕಡೆ, ಬೇಕರಿ ಪಕ್ಕ ನನ್ನ ಅಂಗಡಿ. ಒಂದು ಮೂಲೆಯಲ್ಲಿ ಹೊಲಿಗೆ ಮಿಷಿನ್ನು, ಇನ್ನೊಂದು ಮೂಲೆಯಲ್ಲಿ ರೀಚಾರ್ಜು. ಹೊಲಿಗೆಗೆ ಬಂದೋರು ಪ್ಯಾಕಿನ ವಿಚಾರ ಕೇಳ್ತಾರೆ, ಪ್ಯಾಕಿಗೆ ಬಂದೋರು ಪಕ್ಕದ ಮನೆಯವಳ ಬ್ಲೌಸು ಯಾಕೆ ಮೊದಲು ಆಯ್ತು ಅಂತ ಕೇಳ್ತಾರೆ. ನನಗೆ ಮೊದಲೇ ಮೂಗಿನ ತುದೀಲಿ ಕೋಪ. ಬೈತೀನಿ. ಬೈದರೆ ಇನ್ನೂ ಸ್ವಲ್ಪ ಒಳಗೆ ಸರಿದು ಕೂತ್ಕೋತಾರೆ.

ಒಳಗೆ ಬಿಟ್ಟ ಬಟ್ಟೆ

ಡೈರಿಗೆ ಹಾಲು ಹಾಕೋ ಯಜಮಾನರೊಬ್ಬರು ಬೆಳಿಗ್ಗೆ ಬೆಳಿಗ್ಗೆಯೇ ಬಂದು ಫೋನನ್ನು ಮಿಷಿನ್ನಿನ ಮೇಲೆ ಇಟ್ಟರು.

"ತಿಂಗಳ ಪ್ಯಾಕು ಅಂದೆ. ಇಪ್ಪತ್ತೆಂಟು ದಿನಕ್ಕೇ ನಿಂತೋಯ್ತಲ್ಲವ್ವ?"

"ಅದು ಇಪ್ಪತ್ತೆಂಟು ದಿನದ್ದೇ ಯಜಮಾನ್ರೇ."

"ಅದ್ಯಾವ ತಿಂಗಳು?"

"ಕಂಪನಿ ತಿಂಗಳು."

ಯಜಮಾನರು ಫೋನನ್ನು ನನ್ನ ಕಡೆಗೆ ತಳ್ಳಿದರು. "ಸರಿ ಬುಡು, ಒಸಿ ಬಿಚ್ಚಿ ಕೊಡು" ಅಂದರು.

"ಏನನ್ನ ಬಿಚ್ಚೋದು?"

"ನಮ್ಮನೆಯೋಳ ಬ್ಲೌಸು ಬಿಗಿ ಆದ್ರೆ ಒಳಗಡೆ ಹೊಲಿಗೆ ಬಿಚ್ಚಿ ಸಡ್ಲ ಮಾಡಿ ಕೊಡ್ತೀಯಲ್ಲ. ಇದ್ರಲ್ಲೂ ಒಳಗೆ ಎಲ್ಡ್ ದಿನ ಬುಟ್ಟಿರ್ತಾರೆ. ಬಿಚ್ಚು."

ಕಂಪನಿಯವರು ಒಳಗೆ ಏನೂ ಬಿಡೋದಿಲ್ಲ ಅಂತ ಹೇಳಿದೆ. ಯಜಮಾನರಿಗೆ ನನ್ನ ಮೇಲೆ ಬೇಜಾರಾಗಲಿಲ್ಲ. "ಅಂಗಾದ್ರೆ ಅವರು ಒಳ್ಳೆ ಟೈಲರ್ ಅಲ್ಲ ಬುಡು" ಅಂತ ಹೇಳಿ ಹೊರಟರು.

ಆ ಮಾತು ನಾನೂ ಒಪ್ತೀನಿ. ನಾನು ಯಾವ ಬ್ಲೌಸು ಹೊಲಿದರೂ ಒಳಗೆ ಒಂದಷ್ಟು ಬಟ್ಟೆ ಮಡಚಿ ಬಿಟ್ಟಿರ್ತೀನಿ. ಗಿರಾಕಿಗೆ ಮಾತ್ರ ಹೇಳೋದಿಲ್ಲ. ಹೇಳಿದರೆ ಅದೂ ತುಂಬೋ ಹಾಗೆ ದಪ್ಪ ಆಗ್ತಾರೆ.

ಹೊರಗಿನೋಳಲ್ಲ

ನಮ್ಮೂರಲ್ಲಿ ಒಂದು ಅಜ್ಜಿ ಇದೆ. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ, ಬಸುರಿಗೆ ಬಳೆ ತೊಡಿಸಿದರೂ ಸೋಬಾನೆ ಪದ ಹೇಳೋದು ಈ ಅಜ್ಜಿಯೇ. ನನ್ನ ಬಳೆ ಶಾಸ್ತ್ರಕ್ಕೂ ಇದೇ ಅಜ್ಜಿ ಹೇಳಿದ್ದು. ಒಂದು ದಿನ ಸೊಂಟದ ಎಲೆಅಡಿಕೆ ಚೀಲದಿಂದ ಫೋನು ತೆಗೆದು ನನ್ನ ಮುಂದೆ ಹಿಡಿಯಿತು.

"ಇದ್ರಲ್ಲಿ ಎಷ್ಟೊತ್ತಾದ್ರೂ ಮಾತಾಡ್ಬೋದು ಅಂದಿದ್ದೆಯಲ್ಲ ಮಗ? ದುಬೈಗೆ ಮಾಡುದ್ರೆ ಅದ್ಯಾವಳೋ ಎತ್ಕಂಡು ಇಂಗ್ಲೀಷಲ್ಲಿ ಬೈತಾಳೆ."

"ಎಷ್ಟೊತ್ತಾದ್ರೂ ಅನ್ನೋದು ಇಂಡಿಯಾ ಒಳಗೆ ಅಜ್ಜಿ. ಹೊರಗಿನೋರಿಗೆ ಬೇರೆ ಪ್ಯಾಕು."

"ಅವಳ್ಯಾಕೆ ಹೊರಗಿನೋಳಾಗ್ತಾಳೆ? ನಮ್ಮನೆ ಕೂಸು ಕಣೆ!"

ಆ ಕೂಸು ಅಜ್ಜಿಯ ಮೊಮ್ಮಗಳು. ಹೆತ್ತವಳು ಬೇಗ ಹೋಗಿಬಿಟ್ಟಳು, ಸಾಕಿದ್ದೆಲ್ಲ ಅಜ್ಜಿಯೇ. ಈಗ ಅವಳು ದುಬೈಯ ಆಸ್ಪತ್ರೆಯೊಂದರಲ್ಲಿ ನರ್ಸು, ಗಂಡ ಅಲ್ಲೇ ಎ.ಸಿ. ರಿಪೇರಿ ಮಾಡ್ತಾನೆ. ತುಂಬು ಬಸುರಿ. ವಿಮಾನ ಹತ್ತಬೇಡ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಹಾಗಾಗಿ ಬಳೆ ಶಾಸ್ತ್ರ ದುಬೈಯಲ್ಲೇ. ಊರಿನ ಹೆಣ್ಣುಮಕ್ಕಳಿಗೆಲ್ಲ ಪದ ಹೇಳಿದ ಅಜ್ಜಿಗೆ ತಾನೇ ಸಾಕಿದ ಕೂಸಿಗೆ ಹೇಳೋಕಾಗೋದಿಲ್ಲ ಅನ್ನೋ ಸಂಕಟ. ಫೋನಲ್ಲಾದರೂ ಹೇಳ್ತೀನಿ ಅಂತ ಹಟ. ಅದರ ಜೊತೆಗೆ ಒಂದು ಭಯ: ಬಸುರಿಗೆ ಹೇಳೋ ಪದ ಶುರುವಾದರೆ ಮುಗಿಯಲೇಬೇಕು. ನಡುವೆ ಕಡಿದರೆ ಒಳ್ಳೇದಲ್ಲ.

"ಅವಳೇ ಮಾಡ್ಲಿ ಬಿಡಜ್ಜಿ, ಅಲ್ಲಿಂದ ಮಾಡಿದ್ರೆ ಅವಳ ಖರ್ಚು" ಅಂದೆ.

ಅಜ್ಜಿ ನನ್ನನ್ನು ಕೆಟ್ಟದಾಗಿ ನೋಡಿತು. "ಪದ ನನ್ನ ಮುಯ್ಯಿ ಕಣೆ. ಮುಯ್ಯಿ ಹಾಕಿಸ್ಕೊಳ್ಳೋಳ ಕೈಲೇ ಯಾರಾದ್ರೂ ದುಡ್ಡು ಇಸ್ಕತಾರಾ? ಯಾವುದು ಸಸ್ತಾ, ಯಾವುದು ನಡುವೆ ಕಡಿಯಲ್ಲ, ಅದನ್ನ ಹಾಕು. ಇವತ್ತೇ ಬ್ಯಾಡ, ನೋಡಿ ಹಾಕು."

ಸೀರೆ ಅಂಗಡಿಯಲ್ಲಿ ಹೇಳೋ ಹಾಗೆ ಹೇಳಿ ಹೋಯಿತು.

ದಿನಕ್ಕೊಂದು ಸಾಲು

ದುಬೈಯಲ್ಲಿ ವಾಟ್ಸಾಪಿನಲ್ಲಿ ಮೆಸೇಜು ಹೋಗುತ್ತೆ, ಫೋನು ಮಾಡೋಕೆ ಬಿಡೋದಿಲ್ಲ. ಬೇಕರಿಯವನು ಬುದ್ಧಿವಂತ. "ವಾಯ್ಸ್ ರೆಕಾರ್ಡು ಮಾಡಿ ಕಳಿಸಜ್ಜಿ, ಬಿಟ್ಟಿ" ಅಂದ. ಅಜ್ಜಿಗೆ ಬಿಟ್ಟಿ ಅನ್ನೋದು ಇಷ್ಟವಾಯಿತು. ಗುಂಡಿ ಒತ್ತಿ ಹಿಡಿದು, ಗಂಟಲು ಸರಿ ಮಾಡಿಕೊಂಡು, ಒಂದು ಸಾಲು ಹೇಳಿ ಗುಂಡಿ ಬಿಟ್ಟಿತು. ಆಮೇಲೆ ಫೋನನ್ನೇ ನೋಡ್ತಾ ಕೂತಿತು.

"ಮುಂದಕ್ಕೆ ಹೇಳಜ್ಜಿ."

"ಅವಳು ಇಂದ್ಕೆ ಯೋಳ್ಲಿ, ಆಮ್ಯಾಕೆ."

ಸೋಬಾನೆ ಅಂದರೆ ಹಾಗೇ. ಇಲ್ಲಿಂದ ಒಬ್ಬರು ಒಂದು ಸಾಲು ಹೇಳಿದರೆ ಅಲ್ಲಿಂದ ಉಳಿದವರು ಹಿಂದೆ ಹೇಳಬೇಕು. ಅಜ್ಜಿ ಕಾಫಿ ಕುಡಿಯಿತು, ಎಲೆ ಹಾಕಿತು, ಸಂಜೆ ಬಸ್ಸು ಬಂದು ಹೋಯಿತು. ಮೊಮ್ಮಗಳು ಡ್ಯೂಟಿಯಲ್ಲಿದ್ದಳು. ಮಾರನೇ ದಿನ ಬೆಳಿಗ್ಗೆ ಅವಳಿಂದ "ಸೋಬಾನೆ" ಅಂತ ಒಂದೇ ಒಂದು ದನಿ ಬಂತು. ಅಜ್ಜಿ ಖುಷಿಯಿಂದ ಎರಡನೇ ಸಾಲು ಕಳಿಸಿತು.

ಮೂರನೇ ಸಾಲಿನ ಹೊತ್ತಿಗೆ, ಬಳೆ ಇನ್ನೂ ತೊಟ್ಟಿಲ್ಲ, ಇದು ಶುರು ಅಲ್ಲ ಅಂತ ಅಜ್ಜಿಯನ್ನು ಒಪ್ಪಿಸಿ ನಾನೇ ಫೋನು ಕಿತ್ತಿಟ್ಟೆ. ಈ ಲೆಕ್ಕದಲ್ಲಿ ಪದ ಮುಗಿಯುವಾಗ ಕೂಸು ಸ್ಕೂಲಿಗೆ ಹೋಗ್ತಾ ಇರುತ್ತೆ.

ಎತ್ತಬಾರದ ಫೋನು

ಹೆಂಡತಿಯ ಬ್ಲೌಸಿಗಾಗಿ ಕಾಯ್ತಾ ಕೂತಿದ್ದ ತಂಬಾಕು ಬೆಳೆಯೋ ಗೌಡರಿಗೆ ನಮ್ಮ ಒದ್ದಾಟ ನೋಡಿ ನಗು. "ಇಷ್ಟಕ್ಕೆಲ್ಲ ಯಾಕೆ ಪ್ಯಾಕು? ನಾವು ಮಿಸ್ ಕಾಲಲ್ಲೇ ಸಂಸಾರ ಮಾಡ್ಕಂಡು ಬಂದಿದೀವಿ" ಅಂದರು.

ಅವರ ಏರ್ಪಾಡು ಹೀಗೆ. ತಂಬಾಕಿನ ಬೇಲು ಹಾಕಿಕೊಂಡು ಮಾರ್ಕೆಟ್ಟಿಗೆ ಹೋದಾಗ ಒಂದು ರಿಂಗು ಕೊಟ್ಟರೆ 'ರೇಟು ಬರಲಿಲ್ಲ, ಸೊಪ್ಪಿನ ಸಾರು ಮಾಡು' ಅಂತ. ಎರಡು ರಿಂಗು ಕೊಟ್ಟರೆ 'ರೇಟು ಬಂತು, ಕೋಳಿ ಕುಯ್ಯಿಸು' ಅಂತ. ಮೊನ್ನೆ ಅವರು ರಿಂಗು ಕೊಟ್ಟಾಗ ಹೆಂಡತಿ ಕೈತಪ್ಪಿ ಎತ್ತಿಬಿಟ್ಟಿದ್ದಾರೆ.

"ಎತ್ತಿಬುಟ್ಟಾ? ಥೂ, ಯಾಕಮ್ಮಿ ಎತ್ತುದೆ?"

"ಬೆರಳು ತಾಗ್ತು ಕಣ್ರೀ. ಅದು ಸರಿ, ರೇಟು ಬಂತಾ?"

"ಇಡು, ಇಡು. ಇಟ್ರೆ ತಾನೇ ಗೊತ್ತಾಗಾದು!"

ಹೆಂಡತಿ ಇಟ್ಟರು. ಗೌಡರು ಸಾವಕಾಶವಾಗಿ ಮತ್ತೆ ಎರಡು ರಿಂಗು ಕೊಟ್ಟರು. ಕೋಳಿ ಆವತ್ತು ಹೋಯಿತು.

ಇದನ್ನು ಕೇಳಿ ಅಜ್ಜಿ ತಲೆದೂಗಿತು. "ಬಲೇ ಅಚ್ಚುಕಟ್ಟು" ಅಂದಿತು. ಈ ಗಂಡ ಹೆಂಡತಿ ಇಬ್ಬರ ಫೋನಿಗೂ ತಪ್ಪದೆ ಅನ್‌ಲಿಮಿಟೆಡ್ ಹಾಕಿಕೊಡೋಳು ನಾನೇ.

ಕೈ ಅಳತೆ

ಕೊನೆಗೆ ಪ್ಯಾಕುಗಳನ್ನು ತೆಗೆದು ನೋಡಿದೆ. ದುಬೈಗೆ ಮೂರು ಇದ್ದವು. ಚಿಕ್ಕದು ಹತ್ತು ನಿಮಿಷ, ನಡುವಿನದು ಇಪ್ಪತ್ತು, ದೊಡ್ಡದು ನಲವತ್ತು. ದೊಡ್ಡದರ ರೇಟು ಕೇಳಿ ಅಜ್ಜಿ ಎದೆ ಮೇಲೆ ಕೈ ಇಟ್ಟುಕೊಂಡಿತು.

"ಅಜ್ಜಿ, ನಿನ್ನ ಪದ ಎಷ್ಟೊತ್ತು?"

"ಬಳೆ ತೊಡಿಸಿ ಮುಗಿಯೋ ಗಂಟ."

"ಬಳೆ ತೊಡಿಸೋಕೆ ಎಷ್ಟೊತ್ತು?"

"ಅದು ಕೈ ಮ್ಯಾಲೆ ಹೋಯ್ತದೆ. ಸಣ್ಣ ಕೈಯಾದ್ರೆ ಪದ ಸಣ್ಣದು. ದಪ್ಪ ಕೈಗೆ ಬಳೆ ಇಳಿಯೋದು ತಡ, ಒಂದೆರಡು ನೆಂಟರನ್ನ ಪದಕ್ಕೆ ಜಾಸ್ತಿ ಸೇರಿಸ್ಕತೀನಿ."

ಇಷ್ಟು ವರ್ಷ ಈ ಪದ ಗಡಿಯಾರ ನೋಡಿದ್ದೇ ಇಲ್ಲ. ಸರಿ, ಅಳತೆ ತೆಗೆಯೋದು ನನ್ನ ಕಸುಬು ತಾನೇ. ಮೊಮ್ಮಗಳ ಕೈ ಮದುವೆ ಬ್ಲೌಸಿನ ಕಾಲದಲ್ಲಿ ನನ್ನ ಕೈಯಷ್ಟೇ ಇತ್ತು. ಅಜ್ಜಿಯ ಸೊಸೆ ಗಾಜಿನ ಬಳೆ ತಂದು ನನಗೇ ತೊಡಿಸೋಕೆ ಕೂತಳು, ಅಜ್ಜಿ ಪದ ಶುರು ಮಾಡಿತು, ಹಿಂದೆ ಹೇಳೋಕೆ ಬಸ್ಸಿಗೆ ಕಾಯ್ತಿದ್ದ ಹೆಂಗಸರು ಬಂದರು. ಪಿರಿಯಾಪಟ್ಟಣದ ಬಸ್ಸು ಬಂದು ಹಾರನ್ ಹೊಡೆದರೂ ಒಬ್ಬರೂ ಏಳಲಿಲ್ಲ.

ಮೂವತ್ತೈದು ನಿಮಿಷ ಆಯಿತು. ಅಜ್ಜಿಯ ಕೈಲಾಗೋದು ಇಪ್ಪತ್ತರ ಪ್ಯಾಕು.

"ಹಿಡೀಬೇಕು ಅಜ್ಜಿ" ಅಂದೆ. "ಅಲ್ಲಲ್ಲಿ ಹಿಡಿದು ಚಿಕ್ಕದು ಮಾಡೋಣ. ನೆಂಟರು ಎಷ್ಟು ಜನ ಬರ್ತಾರೆ ಪದದಲ್ಲಿ?"

"ಎಲ್ಲಾರೂ ಬತ್ತಾರೆ."

"ಎಚ್.ಡಿ. ಕೋಟೆಯ ಸೋದರಮಾವನ್ನ ತೆಗೆಯೋಣ. ಕೆ.ಆರ್. ನಗರದ ಚಿಕ್ಕಮ್ಮನ್ನೂ."

ಅಜ್ಜಿ ಬೆರಳು ಮಡಚಿ ನೆಂಟರನ್ನು ಎಣಿಸಿತು. "ತೆಗೆ" ಅಂದಿತು. "ಅವರು ಅಂಗೂ ಫೋನ್ ಮಾಡಲ್ಲ."

ಇನ್ನೇನಾದರೂ ಸಹಾಯ

ಎರಡು ಚಿಕ್ಕ ಪ್ಯಾಕು ಸೇರಿದರೂ ಇಪ್ಪತ್ತರದಕ್ಕಿಂತ ಸಸ್ತಾ. ಹಾಗೆ ಹಾಕಿದರೆ ಒಂದರಿಂದ ಒಂದಕ್ಕೆ ದಾಟುವಾಗ ಫೋನು ಕಟ್ ಆಗುತ್ತಾ ಅಂತ ತಿಳಿಯೋಕೆ ಕಸ್ಟಮರ್ ಕೇರಿಗೆ ಮಾಡಿದೆ. ಸ್ಪೀಕರ್ ಹಾಕಿದ್ದೆ. ಹುಡುಗಿ ಬಹಳ ಮರ್ಯಾದೆಯಿಂದ, "ಕರೆ ಕಡಿತವಾಗಬಹುದು ಮೇಡಂ, ತಾವು ಪುನಃ ಕರೆ ಮಾಡಬಹುದು" ಅಂದಳು.

"ಪುನಃ ಮಾಡೋ ಹಾಗಿಲ್ಲಮ್ಮ. ಬಸುರಿಗೆ ಹೇಳೋ ಪದ, ನಡುವೆ ನಿಲ್ಲಬಾರದು."

ಆ ಕಡೆ ಕೀಬೋರ್ಡು ಕುಟ್ಟಿದ ಸದ್ದಾಯಿತು. ಆಮೇಲೆ, "ಈ ಹಾಡನ್ನು ತಮ್ಮ ಕಾಲರ್ ಟ್ಯೂನ್ ಮಾಡಿಕೊಡಲೇ ಮೇಡಂ?" ಅಂದಳು.

ಅಜ್ಜಿ ಫೋನು ಇಸ್ಕೊಂಡು, "ನಿಂಗೆ ಮದ್ವೆ ಆಗ್ಯದಾ ಮಗ?" ಅಂತ ಕೇಳಿತು. ಇಲ್ಲ ಅಂದಳು ಹುಡುಗಿ. "ಆಗುವಾಗ ಯೋಳು, ನಾನೇ ಬಂದು ಪದ ಯೋಳ್ತೀನಿ." ಹುಡುಗಿ ಬರೆದಿಟ್ಟಿದ್ದನ್ನು ಓದೋದು ಮರೆತು "ಆಯ್ತಜ್ಜಿ" ಅಂದಳು. ಮತ್ತೆ ನೆನಪು ಮಾಡಿಕೊಂಡು, "ತಮಗೆ ಇನ್ನೇನಾದರೂ ಸಹಾಯ ಬೇಕೇ?" ಅಂದಳು.

"ನಂಗೇನೂ ಬ್ಯಾಡ ಕಣವ್ವ" ಅಂದಿತು ಅಜ್ಜಿ. "ನಿಂಗೇನಾರ ಬೇಕಾ?"

ಸೋದರಮಾವನ ಟ್ರ್ಯಾಕ್ಟರು

ಪದದಿಂದ ತೆಗೆದುಹಾಕಿದ ಸುದ್ದಿ ಹೆಗ್ಗಡದೇವನಕೋಟೆಗೆ ಹೇಗೆ ಹೋಯಿತೋ ಗೊತ್ತಿಲ್ಲ. ಸೋದರಮಾವ, ಅಂದರೆ ಅಜ್ಜಿಯ ದೊಡ್ಡ ಮಗ, ಮಾರನೇ ದಿನವೇ ಅಂಗಡಿ ಮುಂದೆ ನಿಂತಿದ್ದ.

"ಏನಕ್ಕಾ, ನನ್ನ ಹೆಸರು ಕತ್ತರಿಸಿದ್ಯಂತೆ?"

"ನಿಮಿಷ ಸಾಲಲ್ಲಪ್ಪ."

"ಸೋದರಮಾವ ಇಲ್ದೆ ಬಳೆ ಶಾಸ್ತ್ರನಾ? ನಾಳೆ ಆ ಕೂಸು ನಂಗೆ ಮಾವ ಇದ್ನಾ ಇಲ್ವಾ ಅಂತ ಕೇಳಲ್ವಾ? ಹಾಕು ದೊಡ್ಡ ಪ್ಯಾಕು, ಅರ್ಧ ನಂದು."

ಅಷ್ಟರಲ್ಲಿ ಕೆ.ಆರ್. ನಗರದ ಚಿಕ್ಕಮ್ಮನ ಫೋನು ಬಂತು. ಅವಳೂ ಅತ್ತು ಕರೆದು ಒಂದು ಪಾಲು ಹಾಕಿದಳು. ಉಳಿದದ್ದು ಅಜ್ಜಿಯ ಮುಯ್ಯಿ. ಹೀಗೆ ದೊಡ್ಡ ಪ್ಯಾಕಿನ ದುಡ್ಡು ಕೂಡಿಬಂತು. ನಾನು ನೆಮ್ಮದಿಯಾಗಿ ಉಸಿರು ಬಿಡೋಷ್ಟರಲ್ಲಿ ಸೋದರಮಾವ ತಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಅವ್ವಾ, ಪದದಲ್ಲಿ ನಾನು ಏನರ ಮ್ಯಾಲೆ ಬತ್ತೀನಿ?"

"ಕುದುರೆ ಮ್ಯಾಲೆ. ಸೋದರಮಾವ ಯಾವತ್ತೂ ಕುದುರೆ ಮ್ಯಾಲೇ ಬರಾದು."

"ನಂಗೆಲ್ಲದವ್ವ ಕುದುರೆ? ಟ್ರ್ಯಾಕ್ಟರು ತಗಂಡಿದೀನಲ್ಲ, ಅದ್ರ ಮ್ಯಾಲೆ ಬರಂಗೆ ಮಾಡು."

ಕುದುರೆಗೆ ಒಂದು ಸಾಲು ಸಾಕಿತ್ತು. ಟ್ರ್ಯಾಕ್ಟರಿಗೆ ಟ್ರೈಲರು, ಅದರ ಬಣ್ಣ, ಮುಂದಿನ ಹೂವಿನ ಹಾರ ಅಂತ ಐದು ಸಾಲಾಯಿತು. ಚಿಕ್ಕಮ್ಮನೂ ಸುಮ್ಮನಿರಲಿಲ್ಲ. ಹೊಸದಾಗಿ ಮಾಡಿಸಿದ ಓಲೆ ಸೇರಿಸು ಅಂದಳು. ಪ್ಯಾಕು ದೊಡ್ಡದಾಯಿತು ಅಂದುಕೊಂಡರೆ ಪದ ಅದಕ್ಕಿಂತ ದಪ್ಪ ಆಯಿತು.

"ದೊಡ್ಡ ಪ್ಯಾಕಲ್ಲಿ ಎಷ್ಟು ನಿಮಿಷ ಅದೆ ಮಗ?" ಅಜ್ಜಿ ಕೇಳಿತು.

"ಮೂವತ್ತೈದು" ಅಂದೆ.

ಬಳೆ ತೊಟ್ಟ ದಿನ

ಮೊಮ್ಮಗಳ ರಜೆಯ ದಿನ, ಮಧ್ಯಾಹ್ನ. ಹಸಿರು ಬಳೆಗಳನ್ನು ಹುಣಸೂರಿನಿಂದ ದುಬೈಗೆ ಹೊರಟಿದ್ದ ಒಬ್ಬರ ಕೈಲಿ ಮೊದಲೇ ಕಳಿಸಿದ್ದೆವು. ಅಂಗಡಿ ತುಂಬ ಹೆಂಗಸರು. ಸೋದರಮಾವ ಇಸ್ತ್ರಿ ಶರಟು ಹಾಕಿಕೊಂಡು ಬಂದು ಫೋನಿನ ಪಕ್ಕದಲ್ಲೇ ಕೂತಿದ್ದ. ಊಟ ಆಯ್ತಾ, ಮಳೆ ಬಂತಾ ಅಂತ ಯಾರೂ ಕೇಳಬಾರದು ಅಂತ ನಾನು ಮೊದಲೇ ಗದರಿಸಿದ್ದೆ.

ಮೊಮ್ಮಗಳು ಫೋನೆತ್ತಿ "ಅಜ್ಜೀ, ಚೆನ್ನಾಗಿದ್ದೀ—" ಅನ್ನೋದರೊಳಗೆ ಅಜ್ಜಿ ಪದ ಶುರು ಮಾಡಿಬಿಟ್ಟಿತು.

ಅಲ್ಲಿ ಬಳೆ ತೊಡಿಸೋಕೆ, ಹಿಂದೆ ಹೇಳೋಕೆ ಅವಳ ಜೊತೆ ಕೆಲಸ ಮಾಡೋ ನರ್ಸುಗಳು ಸೇರಿದ್ದರು. ಇಬ್ಬರು ಕೇರಳದವರು, ಒಬ್ಬಳು ನೇಪಾಳದವಳು. ಯಾರಿಗೂ ಕನ್ನಡ ಬಾರದು. "ಸೋಬಾನೆ" ಒಂದನ್ನು ಮಾತ್ರ ಕಲಿತು, ಅದನ್ನು ಗಂಟಲು ಹರಿಯೋ ಹಾಗೆ ಕೂಗ್ತಾ ಇದ್ದರು. ಇಲ್ಲಿಂದ ಹೇಳಿದ್ದು ಅಲ್ಲಿಗೆ ಹೋಗಿ ಬರೋದು ಸ್ವಲ್ಪ ತಡ. ಅಜ್ಜಿ ಪ್ರತಿ ಸಾಲಿಗೂ ಕಾದು, ಅದು ಬಂದ ಮೇಲೆಯೇ ಮುಂದಕ್ಕೆ ಹೋಗೋದು. "ಸಮುದ್ರ ದಾಟಿ ಬರಬೇಕಲ್ಲ, ಪಾಪ" ಅಂತ ನಡುವೆ ನಮಗೆ ಸಮಾಧಾನ ಬೇರೆ ಹೇಳಿತು.

ಈ ತಡವನ್ನು ನಾನು ಅಳತೆಯಲ್ಲಿ ಹಿಡಿದಿರಲಿಲ್ಲ. ಅದರ ಮೇಲೆ ಸೋದರಮಾವನ ಟ್ರ್ಯಾಕ್ಟರು ಬಂತು. ಐದೂ ಸಾಲು ಆದ ಮೇಲೆ, "ಅವ್ವಾ, ಅವರಿಗೆ ಸರಿಯಾಗಿ ಕೇಳ್ಸಿಲ್ಲ ಅನ್ಸುತ್ತೆ, ಟ್ರೈಲರಿಂದು ಇನ್ನೊಂದ್ಸಲ" ಅಂದ ಪುಣ್ಯಾತ್ಮ. ನಾನು ಅಳತೆ ಟೇಪಿನಲ್ಲೇ ಒಂದೇಟು ಬಿಟ್ಟೆ.

ಗೋಡೆಯ ಗಡಿಯಾರದಲ್ಲಿ ಮೂವತ್ತೈದು ನಿಮಿಷ ಮುಗಿದಾಗ ಕಡೇ ಪದ ಇನ್ನೂ ಉಳಿದಿತ್ತು. ಕೂಸು ಸುಖವಾಗಿ ಬರಲಿ, ತಾಯಿ ಸುಖವಾಗಿ ಏಳಲಿ ಅಂತ ಹರಸೋ ಪದ. ಅದೇ ಬಾಕಿ. ಸೊಸೆ ಗಡಿಯಾರ ತೋರಿಸಿದಳು. ಅಜ್ಜಿ ಒಂದು ಗಳಿಗೆ ನನ್ನ ಕಡೆ ನೋಡಿತು, ಆಮೇಲೆ ಕಣ್ಣು ಮುಚ್ಚಿಕೊಂಡು, ಆಗಿದ್ದಾಗಲಿ ಅಂತ ಹೇಳೋಕೆ ಶುರು ಮಾಡಿತು. ಪ್ರತಿ ಸಾಲಿಗೂ ಆ ಕಡೆಯಿಂದ "ಸೋಬಾನೆ" ಬರ್ತಾನೇ ಇತ್ತು. ಪದ ಪೂರ್ತಿ ಮುಗಿಯಿತು. ಫೋನು ಕಟ್ ಆಗಲಿಲ್ಲ.

ಅಜ್ಜಿ ಕಣ್ಣು ಬಿಟ್ಟು, "ಮೂವತ್ತೈದು ಅಂದೆಯಲ್ಲೇ?" ಅಂದಿತು.

"ಒಳಗೆ ಬಟ್ಟೆ ಬಿಟ್ಟಿದ್ದೆ ಅಜ್ಜಿ" ಅಂದೆ. ನಲವತ್ತರಲ್ಲಿ ಐದನ್ನು ಮಡಚಿಟ್ಟಿದ್ದು ಯಾರಿಗೂ ಹೇಳಿರಲಿಲ್ಲ.

ಆ ಕಡೆ ಮೊಮ್ಮಗಳು ಬಿಕ್ಕಿ ಬಿಕ್ಕಿ ಅಳ್ತಾ ಇದ್ದಳು. ಅಜ್ಜಿ ಫೋನು ಬಾಯಿ ಹತ್ತಿರ ಹಿಡಿದು, "ಅಳಾದಾದ್ರೆ ಫೋನ್ ಮಡಗಿ ಅಳು ಮಗ, ನಿಮಿಷ ಓಯ್ತಾ ಅದೆ" ಅಂದಿತು. "ಕೇಳಿಸ್ಕೋ. ಹೆರಿಗೆ ಆದಾಗ ಹೆಣ್ಣಾದ್ರೆ ಒಂದು ರಿಂಗು, ಗಂಡಾದ್ರೆ ಎಲ್ಡು. ನಾನು ಎತ್ತಲ್ಲ, ನೀನು ಖರ್ಚು ಮಾಡ್ಬ್ಯಾಡ."

"ಮೆಸೇಜ್ ಹಾಕ್ತೀವಜ್ಜಿ."

"ನಂಗೆ ಓದಾಕೆ ಬರಲ್ಲ. ಎಣಿಸಾಕೆ ಬತ್ತದೆ."

ಅಷ್ಟು ಹೇಳಿ ಕಟ್ ಮಾಡಿತು. ಆಮೇಲೆ ಸೆರಗು ಮುಖಕ್ಕೆ ಹಿಡಿದುಕೊಂಡು, ಖರ್ಚಿಲ್ಲದೆ, ನಿಧಾನವಾಗಿ ಅತ್ತಿತು.

ನಿಲ್ಲದ ರಿಂಗು

ದಿನ ತುಂಬಿದ ಮೇಲೆ ಅಜ್ಜಿ ಮನೆಯಲ್ಲಿ ಕೂರಲಿಲ್ಲ. ಬೆಳಿಗ್ಗೆ ಬಂದು ನನ್ನ ಮಿಷಿನ್ನಿನ ಪಕ್ಕ ಫೋನಿಟ್ಟುಕೊಂಡು ಕೂತರೆ ಸಂಜೆವರೆಗೂ ಅಲ್ಲೇ. ರಿಂಗು ಬಂದ ದಿನ ತಂಬಾಕಿನ ಗೌಡರೂ ಇದ್ದರು. ಹೆಂಡತಿಯ ಬ್ಲೌಸು ಇನ್ನೂ ಆಗಿರಲಿಲ್ಲ. ಅಜ್ಜಿ ಎಲೆ ಉಗಿಯೋಕೆ ಬಾಗಿಲಿಗೆ ಹೋಗಿತ್ತು. ಫೋನು ಹೊಡೆದುಕೊಂಡಿತು. ರೀಚಾರ್ಜಿನ ಅಂಗಡಿ ಇಟ್ಟವಳ ಕೈ ಸುಮ್ಮನಿರುತ್ತಾ? ಮೊದಲನೇ ರಿಂಗಿಗೇ ಎತ್ತಿ "ಹಲೋ" ಅಂದುಬಿಟ್ಟೆ.

"ಅಕ್ಕಾ, ನಾನು, ದುಬೈಯಿಂದ—" ಮೊಮ್ಮಗಳ ಗಂಡನ ದನಿ.

"ಎತ್ತಿಬುಟ್ಟಾ!" ಅಜ್ಜಿ ಬಾಗಿಲಿಂದ ಓಡಿಬಂತು. "ಹಾಳಾದೋಳೆ, ಒಂದಾಗಿತ್ತೋ ಎಲ್ಡೋ, ಈಗ ಎಂಗೆ ಗೊತ್ತಾಗಾದು?" ಅಂತ ಫೋನು ಕಿತ್ತುಕೊಂಡು ಕಟ್ ಮಾಡಿತು.

"ಗಾಬರಿ ಬ್ಯಾಡ, ಮತ್ತೆ ಕೊಡ್ತಾನೆ" ಅಂದರು ಗೌಡರು, ಅನುಭವಸ್ಥರು. "ಯಾರೂ ಮುಟ್ಬ್ಯಾಡಿ."

ಫೋನು ಮತ್ತೆ ಹೊಡೆಯಿತು. ಎಲ್ಲರೂ ಬಗ್ಗಿ ನಿಂತೆವು.

"ಒಂದು" ಅಂದಿತು ಅಜ್ಜಿ. "ಎಲ್ಡು." ಮುಖ ಅರಳಿತು. "ಗಂಡು!"

ಫೋನು ನಿಲ್ಲಲಿಲ್ಲ. "ಮೂರು" ಅಂದರು ಗೌಡರು, ಸಣ್ಣ ದನಿಯಲ್ಲಿ. ಅಜ್ಜಿ ನನ್ನ ಕಡೆ ನೋಡಿತು. ಒಂದು ಹೆಣ್ಣು, ಒಂದು ಗಂಡು, ಅವಳಿ ಅಂತ ನಾನು ಲೆಕ್ಕ ಕೂಡಿಸಿದೆ. "ನಾಕು." ಎರಡೂ ಗಂಡು. "ಐದು." ಗೌಡರು ಸ್ಟೂಲು ಎಳೆದು ಅಜ್ಜಿಯನ್ನು ಕೂರಿಸಿದರು. ಎತ್ತಿದ್ದನ್ನು ಕಟ್ ಮಾಡಿದರಲ್ಲ, ಏನಾಯಿತೋ ಅಂತ ಆ ಹುಡುಗ ಅಲ್ಲಿ ಗಾಬರಿಯಾಗಿ ಫೋನು ಹಿಡಿದೇ ನಿಂತಿದ್ದಾನೆ ಅನ್ನೋದು ನಮಗ್ಯಾರಿಗೂ ಹೊಳೆಯಲಿಲ್ಲ.

ಏಳಕ್ಕೆ ಅಜ್ಜಿ ಚೀರಿತು. "ಎತ್ತೇ ಮಗ, ಎತ್ತೇ! ಎತ್ತುದ್ರಾದ್ರೂ ನಿಂತಾತು!"

ಎತ್ತಿದೆ. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

"ಒಂದೇ ತಾನೇ?" ಅಜ್ಜಿ ಕೇಳಿತು. ಒಂದೇ ಅಂದೆ. "ಇನ್ನೊಂದ್ಸಲ ಕೇಳು." ಕೇಳಿದೆ. ಒಂದೇ.

ಅಜ್ಜಿ ಕೂತಲ್ಲಿಂದಲೇ ಪಡುವಣಕ್ಕೆ, ದುಬೈ ಇರೋ ಕಡೆಗೆ, ಎರಡೂ ಕೈಯೆತ್ತಿ ಮುಗಿಯಿತು. ಕಣ್ಣೊರೆಸಿಕೊಂಡು, ಎಲೆಅಡಿಕೆ ಚೀಲ ಬಿಚ್ಚಿ ನನ್ನ ಮುಂದೆ ಇಟ್ಟಿತು.

"ನಾಮಕರಣದ ಪದ ಇದಕ್ಕಿಂತ ಉದ್ದ. ಈಗಿಂದ್ಲೇ ಪ್ಯಾಕು ನೋಡು. ಈ ಸಲ ಒಳಗೆ ಒಸಿ ಜಾಸ್ತಿ ಬುಡು ಕಣೆ, ಕೂಸು ಬೆಳೀತದೆ."